ಐಬಿಡಿಯಲ್ಲಿ ಕಬ್ಬಿಣದ ಮಾತ್ರೆ: ಹೀರದೆ ಉಳಿದದ್ದು ಯಾರ ಪಾಲು?

(ವೇದಿಕೆಯೊಂದರ ಚರ್ಚೆ; ಪ್ರತಿ ಮಾತಿನ ಮೇಲಿರುವುದು ಸದಸ್ಯರ ಅಡ್ಡಹೆಸರು.)

ಹಾಸನದ ಓದುಗ
ಐಬಿಡಿ, ಅಂದರೆ ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆ, ಅದು ಕ್ರೋನ್ಸ್ ಆಗಲಿ, ಅಲ್ಸರೇಟಿವ್ ಕೊಲೈಟಿಸ್ ಆಗಲಿ, ರಕ್ತಹೀನತೆ ಬಹಳ ಸಲ ಜೊತೆಗೇ ಬರುತ್ತದೆ. ಈಗ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಕಬ್ಬಿಣ ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಆಹಾರ, ಹಾಗಾಗಿ ಐಬಿಡಿ ಇರುವವರು ಮಾತ್ರೆ ಮಾತ್ರ ಅಲ್ಲ, ರಾಗಿ, ಸೊಪ್ಪು, ಬೆಲ್ಲ ಎಲ್ಲವನ್ನೂ ಬಿಡಬೇಕಂತೆ. ಇದರಲ್ಲಿ ಎಷ್ಟು ಹುರುಳಿದೆ?

ಲೆಕ್ಕ ಹಾಕಲು ಅನುಕೂಲವಾಗಲಿ ಅಂತ ಒಂದು ಮಾದರಿ ರಿಪೋರ್ಟ್ ಇಡುತ್ತೇನೆ. ಯಾರದ್ದೂ ಅಲ್ಲ, ಕಲ್ಪಿಸಿಕೊಂಡದ್ದು. ಕೊಲೈಟಿಸ್ ಇರುವ ಹೆಂಗಸು, ತೂಕ 55 ಕೆ.ಜಿ., ಹಿಮೋಗ್ಲೋಬಿನ್ 9.4, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) 62, ಸೀರಂ ಐರನ್ (ರಕ್ತದಲ್ಲಿ ಹರಿಯುವ ಕಬ್ಬಿಣ) 34, ಟಿಐಬಿಸಿ (ರಕ್ತ ಒಟ್ಟು ಹೊರಬಲ್ಲ ಕಬ್ಬಿಣ) 290, ಉರಿಯೂತದ ಅಳತೆಗಳಾದ ಸಿಆರ್‌ಪಿ 18, ಮಲದ ಕ್ಯಾಲ್‌ಪ್ರೊಟೆಕ್ಟಿನ್ 640. ಫೆರಿಟಿನ್ ನಾರ್ಮಲ್ ಅಂತ ಲ್ಯಾಬಿನವರು ಅಚ್ಚು ಹಾಕಿರುತ್ತಾರೆ. ಮುಂದೇನು?

ಪೆಟ್ರಿ ತಟ್ಟೆ
ಸಂದೇಶದ ಮೊದಲರ್ಧಕ್ಕೆ ಆಧಾರವಿದೆ, ಎರಡನೆಯರ್ಧ ತಪ್ಪು. ಮೊದಲು ಹೀರಿಕೆ ಎಲ್ಲಾಗುತ್ತದೆ ನೋಡೋಣ.

ಕಬ್ಬಿಣವನ್ನು ಹೀರುವುದು ಮುಖ್ಯವಾಗಿ ಡುವೋಡಿನಮ್, ಅಂದರೆ ಹೊಟ್ಟೆ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನ ಮೊದಲ ಗೇಣು. ಅಲ್ಲಿಯ ಜೀವಕೋಶಗಳ ಮೇಲೆ ಡಿಎಂಟಿ-1 ಎಂಬ ಬಾಗಿಲಿದೆ. ಒಳಗೆ ಬಂದ ಕಬ್ಬಿಣ ಫೆರೊಪೋರ್ಟಿನ್ ಎಂಬ ಹಿತ್ತಿಲ ಬಾಗಿಲಿನಿಂದ ರಕ್ತಕ್ಕೆ ಇಳಿಯಬೇಕು. ಉರಿಯೂತ ಇದ್ದಾಗ ಐಎಲ್-6 ಎಂಬ ಸಂಕೇತದ ಪ್ರೋಟೀನ್ ಏರುತ್ತದೆ, ಅದರ ಸೂಚನೆಯಂತೆ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನ್ ಸುರಿಸುತ್ತದೆ, ಹೆಪ್ಸಿಡಿನ್ ಆ ಹಿತ್ತಿಲ ಬಾಗಿಲನ್ನು ಮುಚ್ಚಿಬಿಡುತ್ತದೆ. ಕ್ರೋನ್ಸ್ ಕಾಯಿಲೆ ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್‌ನಲ್ಲಿದ್ದು ಡುವೋಡಿನಮ್ ಚೆನ್ನಾಗಿಯೇ ಇದ್ದರೂ ಮಾತ್ರೆ ಹತ್ತದಿರುವುದು ಇದರಿಂದಲೇ.

ಆರೋಗ್ಯವಂತರಲ್ಲೂ ಮಾತ್ರೆಯ ಕಬ್ಬಿಣದ ಬಹುಪಾಲು ಹೀರದೆ ಉಳಿಯುತ್ತದೆ. 10ರಲ್ಲಿ 1 ಭಾಗ ಹೀರಿತು ಅಂತಲೇ ಇಟ್ಟುಕೊಳ್ಳಿ. 60 ಮಿ.ಗ್ರಾಂ. ಮಾತ್ರೆಯಲ್ಲಿ 54 ಮಿ.ಗ್ರಾಂ. ದೊಡ್ಡ ಕರುಳಿಗೆ ಹೋಯಿತು. ಉರಿಯೂತ ಇದ್ದರೆ ಇನ್ನೂ ಜಾಸ್ತಿ. ದಿನಕ್ಕೆ 100ರ ಎರಡು ಮಾತ್ರೆ ನುಂಗಿದರೆ 180ಕ್ಕೂ ಹೆಚ್ಚು. ಅದೇ ಊಟದಿಂದ ದಿನಕ್ಕೆ 15 ಮಿ.ಗ್ರಾಂ. ಸಿಕ್ಕಿತು ಅನ್ನಿ, ಒಂದು ಚೂರೂ ಹೀರದೆ ಹೋದರೂ ಕೆಳಗೆ ಇಳಿಯುವುದು 15 ಮಾತ್ರ. ರಾಗಿಮುದ್ದೆಯನ್ನೂ ಮಾತ್ರೆಯನ್ನೂ ಒಂದೇ ತಕ್ಕಡಿಗೆ ಹಾಕುವವರು ಈ ಲೆಕ್ಕವನ್ನೇ ಮರೆಯುತ್ತಾರೆ.

ಇನ್ನು ಬ್ಯಾಕ್ಟೀರಿಯಾ. ಇ. ಕೋಲಿ, ಸಾಲ್ಮೊನೆಲ್ಲಾ ಸೇರಿದ ಎಂಟರೋಬ್ಯಾಕ್ಟೀರಿಯಾ ಕುಟುಂಬಕ್ಕೆ ಕಬ್ಬಿಣ ಬೇಕೇಬೇಕು. ಲ್ಯಾಕ್ಟೊಬ್ಯಾಸಿಲಸ್‌ಗಳಿಗೆ ಅದರ ಹಂಗು ತೀರಾ ಕಡಿಮೆ, ಅವು ಮ್ಯಾಂಗನೀಸ್‌ನಲ್ಲೇ ಸಂಸಾರ ಸಾಗಿಸುತ್ತವೆ. ಕಬ್ಬಿಣದ ಬರ ಇದ್ದಷ್ಟು ದಿನ ಎರಡೂ ಕಡೆಗೆ ಒಂದು ಸಮತೋಲ. ಒಮ್ಮೆಲೇ 50–100 ಮಿ.ಗ್ರಾಂ. ಸುರಿದರೆ ಮೊದಲ ಗುಂಪಿಗೆ ಹಬ್ಬ.

ಹಾಸನದ ಓದುಗ
ದೇಹ ಸುಮ್ಮನೆ ನೋಡುತ್ತಾ ಕೂರುತ್ತದೆಯೇ?

ಪೆಟ್ರಿ ತಟ್ಟೆ
ಇಲ್ಲ. ಇಡೀ ವಿಷಯದಲ್ಲಿ ನನಗೆ ಬಹಳ ಹಿಡಿಸುವ ಭಾಗ ಇದು. ಇ. ಕೋಲಿ ಕಬ್ಬಿಣ ಕದಿಯಲು ಎಂಟರೋಬ್ಯಾಕ್ಟಿನ್ ಎಂಬ ಪುಟ್ಟ ಅಣುವನ್ನು ಹೊರಕ್ಕೆ ಬಿಡುತ್ತದೆ. ಗಾಳ ಎಸೆದ ಹಾಗೆ. ಅದು ಕಬ್ಬಿಣವನ್ನು ಗಟ್ಟಿಯಾಗಿ ಕಚ್ಚಿಕೊಂಡು ವಾಪಸ್ ಬರುತ್ತದೆ. ಉರಿಯೂತ ಆದಾಗ ನಮ್ಮ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳೂ ಕರುಳಿನ ಒಳಪದರವೂ ಲಿಪೊಕ್ಯಾಲಿನ್-2 ಎಂಬ ಪ್ರೋಟೀನ್ ಬಿಡುತ್ತವೆ. ಇದು ಎಂಟರೋಬ್ಯಾಕ್ಟಿನ್ ಅನ್ನು ಕಬ್ಬಿಣದ ಸಮೇತ ಹಿಡಿದಿಟ್ಟುಕೊಳ್ಳುತ್ತದೆ. ಗಾಳವೇ ಹೋಯಿತು. ಅದಕ್ಕೆ ಸಾಲ್ಮೊನೆಲ್ಲಾ ಮತ್ತು ಕೆಲವು ಇ. ಕೋಲಿ ತಳಿಗಳು ಅದೇ ಗಾಳಕ್ಕೆ ಗ್ಲೂಕೋಸ್ ಅಂಟಿಸಿ ಸಾಲ್ಮೊಕೆಲಿನ್ ಮಾಡಿಕೊಂಡಿವೆ. ಲಿಪೊಕ್ಯಾಲಿನ್‌ನ ಹಿಡಿತಕ್ಕೆ ಅದು ಸಿಗುವುದಿಲ್ಲ. ಹಾಗಾಗಿ ಉರಿಯೂತದ ಕರುಳಿನಲ್ಲಿ ಕಬ್ಬಿಣ ಸುರಿದರೆ ಗೆಲ್ಲುವುದು ಹೆಚ್ಚಾಗಿ ಇಂಥ ತಳಿಗಳೇ. ಕ್ರೋನ್ಸ್ ರೋಗಿಗಳ ಇಲಿಯಮ್‌ನಲ್ಲಿ ಗೋಡೆಗೆ ಅಂಟಿ ಒಳನುಗ್ಗುವ ಇ. ಕೋಲಿ ತಳಿ ಹೆಚ್ಚಾಗಿ ಕಾಣುತ್ತದೆ ಅನ್ನುವುದು ಫ್ರಾನ್ಸಿನ ತಂಡದ ಕೆಲಸದಿಂದ ಗೊತ್ತಾದ ಹಳೆಯ ಸಂಗತಿ.

ನೀವು ಮಲದಲ್ಲಿ ಅಳೆಸುವ ಕ್ಯಾಲ್‌ಪ್ರೊಟೆಕ್ಟಿನ್ ಕೂಡ ಇದೇ ಜಗಳದ ಆಯುಧ. ಸತು, ಮ್ಯಾಂಗನೀಸ್‌ನಂಥ ಲೋಹಗಳನ್ನು ಬ್ಯಾಕ್ಟೀರಿಯಾಗೆ ಸಿಗದಂತೆ ಬಚ್ಚಿಡುವುದು ಅದರ ಕಸುಬು. ಲ್ಯಾಬ್‌ಗೆ ಅದು ಬರೀ ಒಂದು ಅಂಕಿ.

ಸ್ಟ್ರಿಪ್ಪಿನ ಬೆನ್ನು
ಸೂಕ್ಷ್ಮಜೀವಿಗಳ ಕಥೆ ಸೊಗಸಾಗಿದೆ, ಆದರೆ ಮನುಷ್ಯರಲ್ಲಿ ಸಾಬೀತಾಗಿದೆಯೇ? ಇಲಿಯ ಕರುಳು ನೋಡಿ ಮನುಷ್ಯರ ಮಾತ್ರೆ ನಿಲ್ಲಿಸುವುದು ನನಗೆ ಒಪ್ಪಿಗೆ ಇಲ್ಲ.

ಪೆಟ್ರಿ ತಟ್ಟೆ
ಸರಿಯಾದ ಪ್ರಶ್ನೆ. ಇಲಿಯದ್ದು ಇಲಿಗೇ ಇರಲಿ, ಬೇರೆ ಬೇರೆಯಾಗಿ ಇಡುತ್ತೇನೆ.

ಇಲಿಯಲ್ಲಿ: 2011ರಲ್ಲಿ ಜರ್ಮನಿಯ ತಂಡವೊಂದು ಕ್ರೋನ್ಸ್‌ನಂಥ ಇಲಿಯೈಟಿಸ್ (ಇಲಿಯಮ್‌ನ ಉರಿಯೂತ) ಬರುವಂತೆ ಬೆಳೆಸಿದ ಇಲಿಗಳಿಗೆ ಫೆರಸ್ ಸಲ್ಫೇಟ್ (ಮಾತ್ರೆಗಳಲ್ಲಿ ಬಳಸುವ ಕಬ್ಬಿಣದ ಲವಣ) ಇಲ್ಲದ ಆಹಾರ ಕೊಟ್ಟಿತು. ಉರಿಯೂತ ಬರಲಿಲ್ಲ. ಅದೇ ಇಲಿಗಳಿಗೆ ಕಬ್ಬಿಣವನ್ನು ಇಂಜೆಕ್ಷನ್ ಮೂಲಕ ಕೊಟ್ಟಾಗಲೂ ಆ ರಕ್ಷಣೆ ಹಾಗೇ ಉಳಿಯಿತು. ಅಂದರೆ ದೇಹದೊಳಗಿನ ಕಬ್ಬಿಣದ ತಪ್ಪಲ್ಲ, ಕರುಳಿನ ಕೊಳವೆಯೊಳಗೆ ಬಿದ್ದಿರುವ ಕಬ್ಬಿಣದ್ದು.

ಮಕ್ಕಳಲ್ಲಿ: ಐವರಿ ಕೋಸ್ಟ್‌ನ ಶಾಲಾಮಕ್ಕಳಿಗೆ 6 ತಿಂಗಳು, ವಾರಕ್ಕೆ 4 ದಿನ, 20 ಮಿ.ಗ್ರಾಂ. ಕಬ್ಬಿಣದ ಬಿಸ್ಕೆಟ್ ಕೊಟ್ಟ 2010ರ ಅಧ್ಯಯನದಲ್ಲಿ ಎಂಟರೋಬ್ಯಾಕ್ಟೀರಿಯಾ ಏರಿ ಲ್ಯಾಕ್ಟೊಬ್ಯಾಸಿಲಸ್ ಇಳಿಯಿತು, ಕ್ಯಾಲ್‌ಪ್ರೊಟೆಕ್ಟಿನ್ ಕೂಡ ಏರಿತು. ರಕ್ತಹೀನತೆ ಮಾತ್ರ ಸುಧಾರಿಸಲಿಲ್ಲ. 2015ರಲ್ಲಿ ಕೆನ್ಯಾದ ಕೂಸುಗಳಲ್ಲಿ 2.5 ಮತ್ತು 12.5 ಮಿ.ಗ್ರಾಂ. ಕಬ್ಬಿಣದ ಪುಡಿ ಬಳಸಿದಾಗಲೂ ಹೆಚ್ಚುಕಡಿಮೆ ಅದೇ ದಿಕ್ಕು. ಆದರೆ ಇವರು ಐಬಿಡಿ ರೋಗಿಗಳಲ್ಲ, ಅಲ್ಲಿ ಸೋಂಕಿನ ಹೊರೆಯೂ ಬೇರೆ. ಈ ವ್ಯತ್ಯಾಸ ಮರೆಯಬಾರದು.

ಐಬಿಡಿಯಲ್ಲಿಯೇ: ಕೆನಡಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಹೋಲಿಕೆ. ಕ್ರೋನ್ಸ್, ಕೊಲೈಟಿಸ್ ಹಾಗೂ ಉರಿಯೂತವಿಲ್ಲದೆ ಬರೀ ಕಬ್ಬಿಣದ ಕೊರತೆ ಇರುವವರು ಸೇರಿ 72 ಮಂದಿ, 3 ತಿಂಗಳು. ಕೆಲವರಿಗೆ ಫೆರಸ್ ಸಲ್ಫೇಟ್ ಮಾತ್ರೆ, ಉಳಿದವರಿಗೆ ಐರನ್ ಸುಕ್ರೋಸ್ ಡ್ರಿಪ್. ಮಾತ್ರೆಯ ಗುಂಪಿನಲ್ಲಿ ಫೀಕ್ಯಾಲಿಬ್ಯಾಕ್ಟೀರಿಯಂ ಪ್ರಾಸ್ನಿಟ್ಜಿ, ರುಮಿನೊಕಾಕಸ್ ಬ್ರೊಮಿಯಂಥವು ಕಡಿಮೆ ಇದ್ದವು. ಪ್ರಾಸ್ನಿಟ್ಜಿ ಬ್ಯೂಟಿರೇಟ್ ತಯಾರಿಸಿ ಕರುಳಿನ ಒಳಪದರವನ್ನು ಸಾಕುವ ಬ್ಯಾಕ್ಟೀರಿಯಾ, ಕ್ರೋನ್ಸ್‌ನಲ್ಲಿ ಮೊದಲೇ ಕಡಿಮೆ ಇರುತ್ತದೆ. ಬಡವನ ಮನೆಗೇ ಕನ್ನ.

ಆದರೆ ಬ್ಯಾಕ್ಟೀರಿಯಾ ಬದಲಾಗಿದ್ದಕ್ಕೇ ಕಾಯಿಲೆ ಕೆರಳಿತು ಅನ್ನುವಷ್ಟು ಈ ಅಧ್ಯಯನ ಹೇಳುವುದಿಲ್ಲ. ‘ಮಾತ್ರೆ ವಿಷ’ ಅನ್ನುವವರು ಇಲ್ಲಿ ಎರಡು ಮೆಟ್ಟಿಲು ಹಾರುತ್ತಾರೆ.

ಡ್ರಿಪ್ ಸ್ಟ್ಯಾಂಡ್
ಮಾದರಿ ರಿಪೋರ್ಟಿಗೆ ಬರೋಣ. ಫೆರಿಟಿನ್ 62 ನೋಡಿ ‘ನಾರ್ಮಲ್’ ಅಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವಿದಂತೆ. ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಉಬ್ಬುತ್ತದೆ. ಯುರೋಪಿನ ಕ್ರೋನ್ಸ್ ಮತ್ತು ಕೊಲೈಟಿಸ್ ಸಂಘಟನೆಯ 2015ರ ಮಾರ್ಗಸೂಚಿ ಪ್ರಕಾರ ಉರಿಯೂತ ಇಲ್ಲದಿದ್ದರೆ 30ಕ್ಕಿಂತ ಕಡಿಮೆ ಕೊರತೆ, ಉರಿಯೂತ ಇದ್ದರೆ 100ರವರೆಗೂ ಕೊರತೆ ಇರಬಹುದು. ಇಲ್ಲಿ ಸಿಆರ್‌ಪಿ 18, ಕ್ಯಾಲ್‌ಪ್ರೊಟೆಕ್ಟಿನ್ 250ರ ಗೆರೆ ದಾಟಿ 640. ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಅನ್ನುವುದರ ಲೆಕ್ಕ ಹಾಕಿ: 34 ಭಾಗಿಸು 290, ಗುಣಿಸು 100, ಸುಮಾರು 11.7%. 20ಕ್ಕಿಂತ ಕಡಿಮೆ. ಅಂದರೆ ಕೊರತೆ ಇದೆ, ಜೊತೆಗೆ ದೀರ್ಘ ಕಾಯಿಲೆಯ ರಕ್ತಹೀನತೆಯೂ ಬೆರೆತಿದೆ.

ಸೀರಂ ಐರನ್ ಕೊಡುವಾಗ ಬೆಳಗ್ಗೆ ಖಾಲಿ ಹೊಟ್ಟೆ, ಹಿಂದಿನ ದಿನ ಕಬ್ಬಿಣದ ಮಾತ್ರೆ ಬೇಡ. ಇಲ್ಲದಿದ್ದರೆ ನುಂಗಿದ ಮಾತ್ರೆಯೇ ರಿಪೋರ್ಟಿನಲ್ಲಿ ಕುಣಿಯುತ್ತದೆ. ಬಿ12 ಮತ್ತು ಫೋಲೇಟನ್ನೂ ಅದೇ ರಕ್ತದಲ್ಲಿ ನೋಡಿಸಿ. ಇಲಿಯಮ್ ಕತ್ತರಿಸಿದವರಿಗೆ ಬಿ12 ಹೀರುವುದು ಕಷ್ಟ, ಸಲ್ಫಾಸಲಜಿನ್ ನುಂಗುವವರಿಗೆ ಫೋಲೇಟ್ ಕಡಿಮೆಯಾಗುತ್ತದೆ.

ದಾರಿ ಯಾವುದು? ಅದೇ ಮಾರ್ಗಸೂಚಿ ಪ್ರಕಾರ ಕಾಯಿಲೆ ಸಕ್ರಿಯವಾಗಿದ್ದರೆ, ಹಿಮೋಗ್ಲೋಬಿನ್ 10ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೊದಲು ಮಾತ್ರೆ ತಡೆಯದೆ ಬಿಟ್ಟಿದ್ದರೆ ಡ್ರಿಪ್ಪೇ ಮೊದಲ ಆಯ್ಕೆ. ಈ ರಿಪೋರ್ಟಿನಲ್ಲಿ ಎರಡು ಷರತ್ತು ಆಗಲೇ ಕೂಡಿವೆ.

ಎಷ್ಟು ಕೊಡಬೇಕು? ಹಳೆಯ ಗ್ಯಾಂಜೋನಿ ಸೂತ್ರ: ತೂಕ ಗುಣಿಸು (15 ಕಳೆ ಈಗಿನ ಹಿಮೋಗ್ಲೋಬಿನ್) ಗುಣಿಸು 2.4, ಕೂಡಿಸು 500. 55 × 5.6 × 2.4 = 739, ಕೂಡಿಸಿದರೆ 1239 ಮಿ.ಗ್ರಾಂ. ಈಗ ಹೆಚ್ಚಾಗಿ ಬಳಸುವ ಸರಳ ಪಟ್ಟಿಯಲ್ಲಿ ಹಿಮೋಗ್ಲೋಬಿನ್ 7ರಿಂದ 10, ತೂಕ 70ರ ಒಳಗೆ ಅಂದರೆ 1500, ತೂಕ 70 ಅಥವಾ ಮೇಲಿದ್ದರೆ 2000. ಹಿಮೋಗ್ಲೋಬಿನ್ 10ರ ಮೇಲಿದ್ದರೆ ಅದೇ ಕ್ರಮದಲ್ಲಿ 1000, 1500. ಪಟ್ಟಿಯೇ ಲೇಸು. ಸೂತ್ರದ ಲೆಕ್ಕ ಕಡಿಮೆ ಬಿದ್ದು 3 ತಿಂಗಳಿಗೆ ಮತ್ತೆ ಕೊರತೆ ಬರುವುದು ಸಾಮಾನ್ಯ.

ಸ್ಟ್ರಿಪ್ಪಿನ ಬೆನ್ನು
1500 ಅಂದರೆ ಐರನ್ ಸುಕ್ರೋಸ್‌ನಲ್ಲಿ 200ರಂತೆ 7–8 ಸಲ ಆಸ್ಪತ್ರೆಗೆ ಅಲೆಯಬೇಕು. ಇನ್ನೊಂದು ಡ್ರಿಪ್ ಔಷಧ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ನಲ್ಲಿ ಒಂದು ಸಲಕ್ಕೆ 1000 ಮೀರದಂತೆ, ವಾರ ಬಿಟ್ಟು ಎರಡು ಸಲ. ಬೆಲೆ ನೋಡಿ ಸುಕ್ರೋಸ್ ಅಗ್ಗ ಅನ್ನುವವರು ಬಸ್ ಚಾರ್ಜು, ಬೆಡ್ ಚಾರ್ಜು, ಕಳೆದ ಕೂಲಿ ಸೇರಿಸಿ ನೋಡಲಿ.

ಡ್ರಿಪ್ ಸ್ಟ್ಯಾಂಡ್
ಹೌದು. ಎಡವಟ್ಟು ಆಗುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಸುಕ್ರೋಸನ್ನು ನಾರ್ಮಲ್ ಸಲೈನ್‌ನಲ್ಲೇ ಬೆರೆಸಬೇಕು, ಗ್ಲೂಕೋಸ್ ಬಾಟಲಿಗೆ ಹಾಕಬಾರದು. ಸೂಜಿ ರಕ್ತನಾಳದೊಳಗೆ ಸರಿಯಾಗಿದೆಯೇ ಅಂತ ಮೊದಲು ಬರೀ ಸಲೈನ್ ಬಿಟ್ಟು ನೋಡಬೇಕು. ಔಷಧ ಹೊರಗೆ ಸೋರಿದರೆ ಚರ್ಮದ ಮೇಲೆ ಕಂದು ಕಲೆ ವರ್ಷಗಟ್ಟಲೆ ಉಳಿಯುತ್ತದೆ. ಉರಿ, ಬಿಗಿತ ಅಂದ ಕೂಡಲೇ ನಿಲ್ಲಿಸಿ. ಮುಗಿದ ಮೇಲೆ ಕನಿಷ್ಠ 30 ನಿಮಿಷ ಕೂರಿಸಿಕೊಳ್ಳಬೇಕು. ಹೊಟ್ಟೆಯೊಳಗೆ ಕೀವು, ಜ್ವರ ಇದ್ದರೆ ಮೊದಲು ಸೋಂಕಿಗೆ ಚಿಕಿತ್ಸೆ, ಕಬ್ಬಿಣ ಆಮೇಲೆ. ಕ್ರೋನ್ಸೋ ಕರುಳಿನ ಟಿಬಿಯೋ ಅಂತ ಇನ್ನೂ ತೀರ್ಮಾನ ಆಗದವರ ವಿಷಯದಲ್ಲಿ ನಮ್ಮ ದೇಶದಲ್ಲಿ ಈ ಎಚ್ಚರ ಜಾಸ್ತಿ ಇರಬೇಕು.

ಕಾರ್ಬಾಕ್ಸಿಮಾಲ್ಟೋಸ್‌ಗೆ ಇನ್ನೊಂದು ತಾಪತ್ರಯ ಇದೆ. ಎಫ್‌ಜಿಎಫ್-23 ಎಂಬ ಹಾರ್ಮೋನ್ ಏರಿ ಮೂತ್ರದಲ್ಲಿ ಫಾಸ್ಫೇಟ್ ಸೋರಿಹೋಗುತ್ತದೆ. ಎರಡು ವಾರದ ಹೊತ್ತಿಗೆ ಸುಸ್ತು, ಸ್ನಾಯು ಸೋಲು, ಮೂಳೆ ನೋವು. ರೋಗಿ ‘ಡ್ರಿಪ್ ಹಾಕಿಸಿಕೊಂಡರೂ ಸುಸ್ತು ಹೋಗಲಿಲ್ಲ’ ಅನ್ನುತ್ತಾರೆ, ಅದು ಕಬ್ಬಿಣ ಸಾಲದೆ ಅಂದುಕೊಂಡು ಇನ್ನೊಂದು ಡೋಸ್ ಏರಿಸುತ್ತಾರೆ. ಏರಿಸುವ ಮೊದಲು ಫಾಸ್ಫೇಟ್ ನೋಡಿಸಿ.

ಹಾಸನದ ಓದುಗ
ರಿಮಿಷನ್‌ನಲ್ಲಿ (ಕಾಯಿಲೆ ತಣ್ಣಗಿರುವ ಹಂತದಲ್ಲಿ) ಇದ್ದು, ಹಿಮೋಗ್ಲೋಬಿನ್ 11 ಇರುವವರಿಗೂ ಡ್ರಿಪ್ಪೇನಾ?

ಸ್ಟ್ರಿಪ್ಪಿನ ಬೆನ್ನು
ಬೇಕಿಲ್ಲ. ಕಾಯಿಲೆ ತಣ್ಣಗಿದ್ದು ಕೊರತೆ ಅಲ್ಪ ಇದ್ದರೆ ಮಾತ್ರೆ ಸಾಕು. ಆದರೆ ಐಬಿಡಿಯಲ್ಲಿ ದಿನಕ್ಕೆ 100 ಮಿ.ಗ್ರಾಂ. ಎಲಿಮೆಂಟಲ್ ಕಬ್ಬಿಣ ಮೀರಬಾರದು. ‘ಎಲಿಮೆಂಟಲ್’ (ಲವಣದ ತೂಕ ಬಿಟ್ಟು ಬರೀ ಕಬ್ಬಿಣ) ಪದದಲ್ಲೇ ಬಹಳ ಜನ ಜಾರುತ್ತಾರೆ. ಒಣ ಫೆರಸ್ ಸಲ್ಫೇಟ್ 200 ಮಿ.ಗ್ರಾಂ. ಅಂದರೆ ಕಬ್ಬಿಣ 60–65. ಫೆರಸ್ ಫ್ಯೂಮರೇಟ್‌ನಲ್ಲಿ ಮೂರರಲ್ಲಿ ಒಂದು ಪಾಲು. ಗ್ಲುಕೋನೇಟ್ 300ರಲ್ಲಿ ಸುಮಾರು 35. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಫೆರಸ್ ಆಸ್ಕಾರ್ಬೇಟ್ ಸ್ಟ್ರಿಪ್ಪಿನ ಹಿಂದೆ ‘100 ಮಿ.ಗ್ರಾಂ. ಎಲಿಮೆಂಟಲ್ ಕಬ್ಬಿಣಕ್ಕೆ ಸಮ’ ಅಂತ ಇರುತ್ತದೆ, ಅಂದರೆ ಒಂದೇ ಮಾತ್ರೆಗೆ ಮಿತಿ ಮುಗಿಯಿತು. ದಿನಕ್ಕೆರಡು ಬರೆದ ಚೀಟಿ ಬಂದರೆ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳುವುದು ವಾಸಿ.

‘ಹೊಟ್ಟೆಗೆ ಹಗುರ’ ಅಂತ ಕೊಡುವ ಟೈಮ್ ರಿಲೀಸ್ ಕ್ಯಾಪ್ಸೂಲ್ ನನ್ನ ಪ್ರಕಾರ ಐಬಿಡಿಗೆ ಅತಿ ಕೆಟ್ಟ ಆಯ್ಕೆ. ಹೀರುವ ಜಾಗ ಡುವೋಡಿನಮ್, ಕ್ಯಾಪ್ಸೂಲ್ ನಿಧಾನಕ್ಕೆ ಬಿಚ್ಚಿಕೊಳ್ಳುವುದು ಅದನ್ನು ದಾಟಿದ ಮೇಲೆ. ಬಸ್ ಸ್ಟಾಪ್ ಕಳೆದ ಮೇಲೆ ಬೆಲ್ ಹೊಡೆದ ಹಾಗೆ. ಹೊಟ್ಟೆಗೆ ಹಗುರ ಆಯಿತು, ದೊಡ್ಡ ಕರುಳಿಗೆ ಪೂರ್ತಿ ಭಾರ.

ಇನ್ನೊಂದು ದಾರಿ ದಿನ ಬಿಟ್ಟು ದಿನ. 60 ಮಿ.ಗ್ರಾಂ. ಅಥವಾ ಹೆಚ್ಚು ನುಂಗಿದರೆ ಹೆಪ್ಸಿಡಿನ್ 24 ಗಂಟೆ ಏರಿರುತ್ತದೆ, ಮರುದಿನದ ಮಾತ್ರೆ ವ್ಯರ್ಥ. 2015 ಮತ್ತು 2017ರಲ್ಲಿ ಸ್ವಿಟ್ಜರ್ಲೆಂಡಿನ ತಂಡ ತೋರಿಸಿದ್ದು ಇದನ್ನೇ. ಒಂದು ದಿನ ಬಿಟ್ಟು, ಬೆಳಗ್ಗೆ, ಒಂದೇ ಸಲ ನುಂಗಿದರೆ ಹೀರಿಕೆಯ ಪ್ರಮಾಣ ಹೆಚ್ಚು, ಉಳಿಕೆ ಕಡಿಮೆ.

ಡ್ರಿಪ್ ಸ್ಟ್ಯಾಂಡ್
ಒಂದು ತಕರಾರು. ಆ ಅಧ್ಯಯನಗಳು ಕಬ್ಬಿಣದ ಕೊರತೆ ಇದ್ದ, ಬೇರೆ ಕಾಯಿಲೆ ಇಲ್ಲದ ಯುವತಿಯರ ಮೇಲೆ ನಡೆದವು. ಅವರ ಹೆಪ್ಸಿಡಿನ್ ಮಾತ್ರೆಯಿಂದ ಏರಿ ಮರುದಿನ ಇಳಿಯುತ್ತದೆ. ಸಕ್ರಿಯ ಐಬಿಡಿಯಲ್ಲಿ ಉರಿಯೂತದಿಂದಲೇ ಏರಿ ಅಲ್ಲೇ ನಿಂತಿರುತ್ತದೆ. ಒಂದು ದಿನ ಕಾಯ್ದರೆ ಇಳಿಯುವುದಿಲ್ಲ. ರಿಮಿಷನ್‌ನಲ್ಲಿ ಇದ್ದವರಿಗೆ ನಿಮ್ಮ ಮಾತು ಒಪ್ಪುತ್ತೇನೆ, ಫ್ಲೇರ್‌ನಲ್ಲಿ, ಅಂದರೆ ಕಾಯಿಲೆ ಕೆರಳಿದಾಗ, ಇಲ್ಲ.

ಸ್ಟ್ರಿಪ್ಪಿನ ಬೆನ್ನು
ಒಪ್ಪಿದೆ. ‘ರಿಮಿಷನ್‌ನಲ್ಲಿ’ ಅನ್ನುವ ಪದ ಸೇರಿಸಿ ಓದಿಕೊಳ್ಳಿ.

ಫೆರಿಕ್ ಮಾಲ್ಟೋಲ್ ಎಂಬ ನುಂಗುವ ಕಬ್ಬಿಣದ ಬಗ್ಗೆ ಯಾರಾದರೂ ಕೇಳುತ್ತಾರೆ, ಮೊದಲೇ ಹೇಳುತ್ತೇನೆ: 30 ಮಿ.ಗ್ರಾಂ. ದಿನಕ್ಕೆರಡು, ಖಾಲಿ ಹೊಟ್ಟೆಗೆ. ಯುರೋಪಿನಲ್ಲಿ 2016ರಲ್ಲಿ ಐಬಿಡಿಯಲ್ಲಿ ಕಬ್ಬಿಣದ ಕೊರತೆಯಿಂದ ಬರುವ ರಕ್ತಹೀನತೆಗೆಂದೇ ಒಪ್ಪಿಗೆ ಪಡೆದದ್ದು. ಡೋಸ್ ಕಡಿಮೆ ಇರುವುದರಿಂದ ಉಳಿಕೆಯೂ ಕಡಿಮೆ.

ಮಸ್ಸೊಪ್ಪು
ಊಟದ ಮಾತಿಗೆ ಬರುತ್ತೇನೆ. ಐಸಿಎಂಆರ್‌ನ 2020ರ ಶಿಫಾರಸು ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ., ಗಂಡಸರಿಗೆ 19. ಅಂಕಿ ಇಷ್ಟು ದೊಡ್ಡದಾಗಿರುವುದು ನಮ್ಮ ಊಟದಿಂದ ಸುಮಾರು 8% ಮಾತ್ರ ಹೀರುತ್ತದೆ ಅಂತ ಹಿಡಿದದ್ದರಿಂದ. 100 ಗ್ರಾಂ ರಾಗಿಯಲ್ಲಿ 4–5 ಮಿ.ಗ್ರಾಂ. ಕಬ್ಬಿಣ, ಜೊತೆಗೆ ಬೇಕಾದಷ್ಟು ಫೈಟೇಟ್, ಟ್ಯಾನಿನ್, ಕ್ಯಾಲ್ಸಿಯಂ. ಮೂರೂ ಹೀರಿಕೆಗೆ ಅಡ್ಡಗಾಲು. ಹಾಗಾಗಿ ‘ಕಬ್ಬಿಣ ಜಾಸ್ತಿ ತಿನ್ನಿ’ ಅನ್ನುವುದಕ್ಕಿಂತ ಇರುವುದನ್ನು ಮೇಲ್ಗಡೆಯೇ ಹೀರುವಂತೆ ಮಾಡುವುದು ಜಾಣತನ.

ರಾಗಿಯನ್ನು ತೊಳೆದು 12 ಗಂಟೆ ನೆನೆಸಿ, ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಇಡಿ. ಬಿಳಿ ಮೊಳಕೆ ಅಕ್ಕಿಕಾಳಿನ ಅರ್ಧದಷ್ಟು ಬಂದಾಗ ಬಿಡಿಸಿ ನೆರಳಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು ಬೀಸಿಸಿ. ಮೊಳಕೆಯಲ್ಲಿ ಹುಟ್ಟುವ ಫೈಟೇಸ್ ಫೈಟೇಟನ್ನು ಒಡೆಯುತ್ತದೆ. ಬಟ್ಟೆಯ ಗಂಟು ಹುಳಿ ವಾಸನೆ ಬಂದರೆ, ಲೋಳೆಯಾದರೆ ಚೆಲ್ಲಿ. ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟಿರಾಯ್ಡ್, ಅಜಾಥಯೋಪ್ರಿನ್ ನುಂಗುವವರಿಗೆ ಆ ಅಪಾಯ ಬೇಡ. ಅವರು ಮೊಳಕೆಯನ್ನು ಹಸಿಯಾಗಿಯೂ ತಿನ್ನಬಾರದು. ಹಿಟ್ಟನ್ನು ಗಂಜಿ ಮಾಡಿ ಸೋಸಿದರೆ ಫ್ಲೇರ್‌ನಲ್ಲೂ ಹೊಟ್ಟೆ ತಡೆದುಕೊಳ್ಳುತ್ತದೆ.

ಸೊಪ್ಪು: ಕರುಳು ಕಿರಿದಾಗಿ ಸ್ಟ್ರಿಕ್ಚರ್ ಇದ್ದವರಿಗೆ ದಂಟು ಅಪಾಯ, ನಾರು ಗಂಟಾಗಿ ಸಿಕ್ಕಿಕೊಳ್ಳುತ್ತದೆ. ದಂಟಿನ ಸೊಪ್ಪಾದರೂ ಎಳೆ ಎಲೆ ಮಾತ್ರ ಬಿಡಿಸಿ, ಬೇಳೆ ಜೊತೆ ಬೇಯಿಸಿ, ಕಡೆಗೋಲಿನಲ್ಲಿ ನುಣ್ಣಗೆ ಮಸೆದು, ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ಸಿ ವಿಟಮಿನ್ ಹಾಳು. ಊಟಕ್ಕೂ ಕಾಫಿ–ಟೀಗೂ ಒಂದು ಗಂಟೆ ಅಂತರ. ಬೆಲ್ಲ ಕಬ್ಬಿಣದ ಗಣಿ ಅನ್ನುವುದು ದೊಡ್ಡ ಮಾತು. ಒಂದು ಅಚ್ಚು ಬೆಲ್ಲದಿಂದ ಕಬ್ಬಿಣಕ್ಕಿಂತ ಸಕ್ಕರೆಯೇ ಸಿಗುವುದು.

ಹಾಸನದ ಓದುಗ
ಸಾರವರ್ಧಿತ ಅಕ್ಕಿ? ಅದಕ್ಕೂ ಕಬ್ಬಿಣ ಸೇರಿಸುತ್ತಾರಲ್ಲ.

ಮಸ್ಸೊಪ್ಪು
ಲೆಕ್ಕ ಹಾಕಿ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮಾನದಂಡ ಕೆ.ಜಿ.ಗೆ 28ರಿಂದ 42.5 ಮಿ.ಗ್ರಾಂ., ಫೆರಿಕ್ ಪೈರೊಫಾಸ್ಫೇಟ್ ರೂಪದಲ್ಲಿ. ದಿನಕ್ಕೆ 200 ಗ್ರಾಂ ಅಕ್ಕಿ ಉಂಡರೆ 5.6ರಿಂದ 8.5 ಮಿ.ಗ್ರಾಂ. 60 ಮಿ.ಗ್ರಾಂ.ನ ಒಂದು ಮಾತ್ರೆಯ ಹೆಚ್ಚೆಂದರೆ ಏಳನೇ ಒಂದು ಭಾಗ, ಅದೂ ಎರಡು ಹೊತ್ತಿಗೆ ಹಂಚಿ. ಅದಕ್ಕಾಗಿ ಅಕ್ಕಿ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಉಳಿದ ಅಕ್ಕಿಗಿಂತ ಬೇರೆಯಾಗಿ ಕಾಣುವ ಕಾಳುಗಳನ್ನು ‘ಪ್ಲಾಸ್ಟಿಕ್’ ಅಂತ ಆರಿಸಿ ಎಸೆಯುವವರಿದ್ದಾರೆ, ಕಬ್ಬಿಣ ಇರುವುದೇ ಆ ಕಾಳುಗಳಲ್ಲಿ.

ಮಾಂಸದ ವಿಷಯ ಬೇರೆ. ಹೀಮ್ ಕಬ್ಬಿಣ ಚೆನ್ನಾಗಿ ಹೀರುತ್ತದೆ ನಿಜ. ಆದರೆ ಇಲಿಗಳಲ್ಲಿ ಹೀಮ್ ಹೆಚ್ಚಾದಾಗ ಕರುಳಿನ ಲೋಳೆಪದರ ಸಡಿಲವಾದದ್ದು ಕಂಡಿದೆ. ವಾರಕ್ಕೆ ಎರಡು ಸಲ ಮಟನ್ ತಿನ್ನುವವರನ್ನು ಅದಕ್ಕಾಗಿ ಹೆದರಿಸುವುದಿಲ್ಲ, ದಿನವೂ ಲಿವರ್ ಸೂಪು ಕುಡಿಯಿರಿ ಅಂತಲೂ ಹೇಳುವುದಿಲ್ಲ.

ಹೊಸ ಸದಸ್ಯ
ಹಾಗಾದರೆ ಮಾತ್ರೆ ಜೊತೆ ಪ್ರೊಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ), ಪ್ರಿಬಯಾಟಿಕ್ (ಅವುಗಳ ಆಹಾರ) ಪುಡಿ ಹಾಕಿದರೆ ಸರಿಹೋಗುತ್ತದೆಯಲ್ಲ?

ಪೆಟ್ರಿ ತಟ್ಟೆ
ಆಸೆ ಹುಟ್ಟಿಸುವ ಒಂದು ಅಧ್ಯಯನ ಇದೆ. 2017ರಲ್ಲಿ ಕೆನ್ಯಾದ ಕೂಸುಗಳಿಗೆ 5 ಮಿ.ಗ್ರಾಂ. ಕಬ್ಬಿಣದ ಜೊತೆ 7.5 ಗ್ರಾಂ ಜಿಒಎಸ್ ಎಂಬ ಪ್ರಿಬಯಾಟಿಕ್ ಕೊಟ್ಟಾಗ ಕಬ್ಬಿಣದ ಕೆಟ್ಟ ಪರಿಣಾಮ ಬಹುಮಟ್ಟಿಗೆ ತಗ್ಗಿತು. ಆದರೆ ಅದನ್ನು ಐಬಿಡಿಗೆ ಎಳೆದು ತರುವಂತಿಲ್ಲ. ಸಕ್ರಿಯ ಕ್ರೋನ್ಸ್‌ನಲ್ಲಿ ದಿನಕ್ಕೆ 15 ಗ್ರಾಂ ಎಫ್‌ಒಎಸ್ ಎಂಬ ಇನ್ನೊಂದು ಪ್ರಿಬಯಾಟಿಕ್ ಕೊಟ್ಟ 2011ರ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ, ಹೊಟ್ಟೆಯುಬ್ಬರದ ಕಾಟ ಬೇರೆ.

ಜೊತೆಗೊಂದು ಸೋಜಿಗ: ಕೆಲವು ಲ್ಯಾಕ್ಟೊಬ್ಯಾಸಿಲಸ್‌ಗಳು ಬಿಡುವ ರೂಟೆರಿನ್‌ನಂಥ ವಸ್ತುಗಳು ಕರುಳಿನಲ್ಲಿ ಹೀರಿಕೆಯನ್ನು ನಡೆಸುವ ಎಚ್‌ಐಎಫ್-2 ಆಲ್ಫಾ ಎಂಬ ಪ್ರೋಟೀನನ್ನು ತಗ್ಗಿಸಿ ಕಬ್ಬಿಣದ ಹೀರಿಕೆಯನ್ನೇ ಕಡಿಮೆ ಮಾಡುತ್ತವೆ ಅಂತ 2020ರಲ್ಲಿ ಇಲಿಗಳಲ್ಲಿ ಕಂಡಿದೆ. ‘ಒಳ್ಳೆಯ’ ಬ್ಯಾಕ್ಟೀರಿಯಾ ಕೂಡ ತನ್ನ ಮನೆ ಮೊದಲು ನೋಡಿಕೊಳ್ಳುತ್ತದೆ. ಆನ್‌ಲೈನ್‌ನಲ್ಲಿ ಮಾರುವ ಮೈಕ್ರೋಬಯೋಮ್ (ಕರುಳಿನ ಬ್ಯಾಕ್ಟೀರಿಯಾ ಪರೀಕ್ಷೆಯ) ಕಿಟ್‌ಗೆ ದುಡ್ಡು ಸುರಿಯುವ ಬದಲು ಅದೇ ದುಡ್ಡಿಗೆ ಕ್ಯಾಲ್‌ಪ್ರೊಟೆಕ್ಟಿನ್ ಮಾಡಿಸಿ.

ಹೊಸ ಸದಸ್ಯ
ಕಬ್ಬಿಣ ಪೂರ್ತಿ ಬಿಟ್ಟರೆ ಇ. ಕೋಲಿ ಉಪವಾಸ ಬಿದ್ದು ಸಾಯುವುದಿಲ್ಲವೇ?

ಡ್ರಿಪ್ ಸ್ಟ್ಯಾಂಡ್
ಅದಕ್ಕಿಂತ ಮೊದಲು ರೋಗಿ ಹಾಸಿಗೆ ಹಿಡಿಯುತ್ತಾರೆ. ಗಾಯ ಮಾಯಲು, ಕರುಳಿನ ಒಳಪದರ ಹೊಸದಾಗಿ ಬೆಳೆಯಲು ಕಬ್ಬಿಣ ಬೇಕು.

ಹಾಸನದ ಓದುಗ
ಮುಂದಿನ ತಪಾಸಣೆ ಯಾವಾಗ? ಮಾತ್ರೆ ನುಂಗುವಾಗ ಮಲ ಕಪ್ಪಾದರೆ ರಕ್ತ ಅಂತ ಹೆದರಬೇಕೇ?

ಡ್ರಿಪ್ ಸ್ಟ್ಯಾಂಡ್
ಮಾತ್ರೆಯಾದರೂ ಡ್ರಿಪ್ ಆದರೂ 4 ವಾರಕ್ಕೆ ಹಿಮೋಗ್ಲೋಬಿನ್ 2 ಗ್ರಾಂ ಏರಬೇಕು. ಮಾತ್ರೆಯಲ್ಲಿ ಏರದಿದ್ದರೆ ಡೋಸ್ ದ್ವಿಗುಣ ಮಾಡಬೇಡಿ, ದಾರಿ ಬದಲಿಸಿ. ಡ್ರಿಪ್ ಆದ 4 ವಾರದೊಳಗೆ ಫೆರಿಟಿನ್ ನೋಡಿದರೆ ಸುಳ್ಳು ಎತ್ತರ ತೋರಿಸುತ್ತದೆ, 8 ವಾರ ಕಾಯುವುದು ಇನ್ನೂ ಒಳ್ಳೆಯದು. ಸರಿಹೋದ ಮೇಲೂ ಒಂದು ವರ್ಷದವರೆಗೆ, ಪ್ರತಿ 3 ತಿಂಗಳಿಗೊಮ್ಮೆ ನೋಡಿಸಿ. ಡ್ರಿಪ್ ಪಡೆದವರ ಫೆರಿಟಿನ್ 100ರ ಕೆಳಗೆ ಇಳಿದರೆ ಮತ್ತೆ ಕೊಡುವುದು ರೂಢಿ.

ಮಲದ ಬಣ್ಣ: ಕಬ್ಬಿಣದಿಂದ ಆಗುವುದು ಕಡುಹಸಿರು ಬೆರೆತ ಕಪ್ಪು, ಗಟ್ಟಿ. ರಕ್ತದಿಂದ ಆಗುವುದು ಡಾಂಬರಿನಂತೆ ಜಿಗುಟು, ಹೊಳಪು, ಮೂಗು ಮುಚ್ಚುವ ನಾತ. ಎರಡನೆಯದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೊಲೊನೊಸ್ಕೋಪಿ ದಿನ ಗೊತ್ತಾಗಿದ್ದರೆ 5–7 ದಿನ ಮೊದಲೇ ಮಾತ್ರೆ ನಿಲ್ಲಿಸಿ. ಇಲ್ಲದಿದ್ದರೆ ಎಷ್ಟು ಜುಲಾಬು ಕುಡಿದರೂ ಕಪ್ಪು ಮಲ ಗೋಡೆಗೆ ಅಂಟಿಕೊಂಡು ಡಾಕ್ಟರಿಗೆ ಏನೂ ಕಾಣುವುದಿಲ್ಲ, ಇನ್ನೊಂದು ದಿನ ಬನ್ನಿ ಅಂತ ಕಳಿಸುತ್ತಾರೆ.

ಸ್ಟ್ರಿಪ್ಪಿನ ಬೆನ್ನು
ಮನೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಐಬಿಡಿ ಇದ್ದರೆ: ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ವಾರಕ್ಕೊಂದೇ ಸಲ. ಡ್ರಿಪ್ ನಡೆಯುತ್ತಿದ್ದರೆ ಅಥವಾ ಫ್ಲೇರ್ ಇದ್ದರೆ ಡಾಕ್ಟರರಿಂದ ಒಂದು ಚೀಟಿ ಬರೆಸಿ ಕ್ಲಾಸ್ ಟೀಚರಿಗೆ ಕೊಡಿ. ಅದೇ ಚೀಟಿಯಲ್ಲಿ ಜಂತುಹುಳದ ಮಾತ್ರೆಯ ವಿಷಯವನ್ನೂ ಬರೆಸಿಬಿಡಿ, ಅದನ್ನು ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ಎರಡನ್ನೂ ಒಟ್ಟಿಗೆ ‘ಬೇಡ’ ಅಂದುಬಿಡುವ ಮನೆಗಳೇ ಜಾಸ್ತಿ.